ಇಲ್ಲದ ಕೋವಿಯ ಅಲಂಕಾರ

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷ. ಕುವೈತಿನ ಸಾಲ್ಮಿಯಾದ ನಮ್ಮ ಐದನೇ ಮಹಡಿಯ ಫ್ಲ್ಯಾಟಿನ ಕಿಟಕಿಯ ಬಳಿ ನಾನು ಒಂದು ಮೊಣಕಾಲೂರಿ ಕೂತು, ಎಡಗಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಎದುರು ಕಟ್ಟಡದ ಡಿಶ್ ಆಂಟೆನಾಕ್ಕೆ ಗುರಿ ಇಟ್ಟಿದ್ದೆ. ಕೈಯಲ್ಲಿದ್ದದ್ದು ನೆಲ ಒರೆಸುವ ಮಾಪು.

ಅಷ್ಟರಲ್ಲಿ ಬೆಲ್ ಆಯಿತು. ನನ್ನ ಹೆಂಡತಿ ವೈಲೆಟ್ ಹೋಗಿ ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದಳು. ನೋಡಿ, ಬಾಗಿಲು ತೆರೆಯದೆ, ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಶೇನನ ಡ್ಯಾಡೀ."

(ಅವಳು ನನ್ನನ್ನು 'ರೋಕ್' ಎಂದು ಕರೆದರೆ ಹವಾಮಾನ ಸಾಧಾರಣ. 'ಶೇನನ ಡ್ಯಾಡಿ' ಎಂದರೆ ಧೂಳಿನ ಬಿರುಗಾಳಿ ಏಳುತ್ತಿದೆ, ಕಿಟಕಿ ಮುಚ್ಚಿಕೊಳ್ಳಬೇಕು.)

"ಹಾರಿಸ್ ಬಂದಿದ್ದಾನೆ," ಎಂದಳು. ಹಾರಿಸ್ ಎಂದರೆ ನಮ್ಮ ಕಟ್ಟಡದ ಕಾವಲುಗಾರ, ಈಜಿಪ್ಟಿನವನು. "ಅವನ ಹಿಂದೆ ಇಬ್ಬರು ಪೊಲೀಸರು."

ಹದಿನೆಂಟು ವರ್ಷ ಈ ದೇಶದಲ್ಲಿ ಒಂದು ಟ್ರಾಫಿಕ್ ದಂಡ ಕೂಡ ಕಟ್ಟದೆ ಬದುಕಿದವನು ನಾನು. ನನ್ನದೊಂದು ಇಕಾಮಾ, ಎಂದರೆ ಇಲ್ಲಿ ವಾಸಿಸುವ ಪರವಾನಗಿ. ಅದಕ್ಕೆ ಬಾವಲಿಗಳ ಹಾಗೆ ಜೋತುಬಿದ್ದಿರುವ ಇಬ್ಬರು ಮಕ್ಕಳ ಇಕಾಮಾ. ಮಾರ್ಚಿನಲ್ಲಿ ಮಗ ಶೇನನ ಹನ್ನೆರಡನೇ ಕ್ಲಾಸಿನ ಪರೀಕ್ಷೆ. ಪೊಲೀಸರಿಗೆ ನನ್ನ ಉತ್ತರ ಸರಿಕಾಣದಿದ್ದರೆ ಖಲಾಸ್, ಇಡೀ ಸಂಸಾರ ಮುಂದಿನ ವಿಮಾನದಲ್ಲಿ. ಅದೆಲ್ಲ ಆ ಕ್ಷಣ ಒಂದು ಮಾಪಿನ ತುದಿಯಲ್ಲಿ ನೇತಾಡುತ್ತಿತ್ತು.

ವೈಲೆಟ್ ತಲೆಗೆ ದುಪಟ್ಟಾ ಹೊದ್ದು ಬಾಗಿಲು ತೆರೆಯುವಷ್ಟರಲ್ಲಿ, ವಿಷಯ ಇಲ್ಲಿಯವರೆಗೆ ಬಂದದ್ದು ಹೇಗೆಂದು ಹೇಳಿಬಿಡುತ್ತೇನೆ. ನಾನು ಬಿ.ಎಸ್ಸಿ. ಪದವೀಧರ, ಬಣ್ಣದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಕಂಟ್ರೋಲ್ ನೋಡಿಕೊಳ್ಳುವವನು. ಫಲಿತಾಂಶಕ್ಕಿಂತ ಮೊದಲು ವಿಧಾನವನ್ನು ವಿವರಿಸಬೇಕು ಎಂದು ನಮಗೆ ಕಲಿಸಿದ್ದಾರೆ.

ಮೂಲಕಾರಣ ಹಂದಿ.

ವೈಲೆಟಳ ಅಣ್ಣ ಹರ್ಬರ್ಟ್ ಭಾವ ಬೆಳ್ತಂಗಡಿಯ ಆಚೆ ಮರಗೆಣಸು ಮತ್ತು ಅನಾನಸು ಬೆಳೆಯುತ್ತಾನೆ. ಅವನ ಹತ್ತಿರ ಬೆಳೆ ರಕ್ಷಣೆಗೆಂದು ಲೈಸನ್ಸ್ ಇರುವ ಒಂದು ಕೋವಿ ಉಂಟು. ಕ್ರಿಸ್‌ಮಸ್ ಕಳೆದ ವಾರ ವಿಡಿಯೋ ಕಾಲ್ ಮಾಡಿ ಗದ್ದೆ ತೋರಿಸಿದ. ಹಂದಿಗಳು ರಾತ್ರಿ ಬಂದು ಟ್ರ್ಯಾಕ್ಟರಿಗಿಂತ ಚೆನ್ನಾಗಿ ಉತ್ತು ಹೋಗಿದ್ದವು.

"ಕೋವಿ ಇಲ್ವಾ ಭಾವ?" ಎಂದು ಕೇಳಿದೆ.

"ಉಂಟು ಮಾರಾಯ. ಹೊಡೆದರೂ ಪ್ರಯೋಜನ ಇಲ್ಲ. ಹಂದಿಗೆ ಈಗ ಕೋವಿ ಅಂದ್ರೆ ಲೆಕ್ಕವೇ ಇಲ್ಲ. ಅಲ್ಲೇ ನಿಂತು ಅಗೀತದೆ."

ಈ ವಾಕ್ಯದಿಂದ ವಿಜ್ಞಾನದ ವಿದ್ಯಾರ್ಥಿಗೆ ಹೊಳೆಯುವುದು ಒಂದೇ ನಿಗಮನ: ಗುಂಡು ತಾಗುತ್ತಿಲ್ಲ. ಗುಂಡು ತಾಗುತ್ತಿಲ್ಲವೆಂದರೆ ಗುರಿ ಸರಿಯಿಲ್ಲ. ಗುರಿ ಸರಿಯಿಲ್ಲವೆಂದರೆ ಉಪಕರಣ ಹಳತಾಗಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಪದವಿಯಿಂದ ಹೆಂಡತಿಯ ತವರಿಗೆ ನಯಾಪೈಸೆಯ ಉಪಕಾರವಾಗಿರಲಿಲ್ಲ. ಇದೇ ತಕ್ಕ ಸಮಯವೆಂದುಕೊಂಡೆ.

ನಮ್ಮ ಕಾರ್ಖಾನೆ ಇರುವುದು ಶುವೈಖಿನಲ್ಲಿ. ಅಲ್ಲೇ ಗ್ಯಾರೇಜುಗಳ ಸಾಲಿನ ಹಿಂದೆ ಬೇಟೆ ಮತ್ತು ಟೆಂಟಿನ ಸಾಮಾನು ಮಾರುವ ಒಂದು ಅಂಗಡಿ ಉಂಟು. ಚಳಿಗಾಲದಲ್ಲಿ ಕುವೈತಿಗಳು ಮರುಭೂಮಿಯಲ್ಲಿ ಗುಡಾರ ಹಾಕಿ ಉಳಿಯುವಾಗ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೇಲ್ಸ್‌ಮನ್ ಅಝರುದ್ದೀನ್ ನಮ್ಮ ಉಪ್ಪಿನಂಗಡಿಯವನು. ನನ್ನ ಮುಖ ನೋಡಿದ ಕೂಡಲೇ ಕನ್ನಡದಲ್ಲೇ ಸುರು ಮಾಡಿದ.

"ಯಾವ ಕೋವಿ ಸಾರ್ ನಿಮ್ಮದು?"

"ಹನ್ನೆರಡು ಬೋರ್," ಎಂದೆ. "ಹನ್ನೆರಡು ಬೋರ್ ಅಂದ್ರೆ ಏನು ಗೊತ್ತಾ? ಒಂದು ಪೌಂಡ್ ಸೀಸದಲ್ಲಿ ಸಮ ತೂಕದ ಹನ್ನೆರಡು ಗುಂಡು ಮಾಡಿದರೆ, ಒಂದು ಗುಂಡಿನ ವ್ಯಾಸ ಎಷ್ಟೋ ನಳಿಗೆಯ ಒಳವ್ಯಾಸ ಅಷ್ಟು."

"ಹೌದಾ ಸಾರ್! ಸರಿ. ಮತ್ತೆ ನಳಿಗೆ…"

"ನಳಿಗೆಯ ಹೊರವ್ಯಾಸ ನಾನು ಲೆಕ್ಕ ಹಾಕಿ ತಂದಿದ್ದೇನೆ," ಎಂದು ಅವನ ಬಾಯಿ ಮುಚ್ಚಿಸಿದೆ. ಅವನು ಕೇಳಲು ಹೊರಟದ್ದು ಬೇರೆ ಪ್ರಶ್ನೆ. ಆ ಪ್ರಶ್ನೆಯನ್ನು ಪೂರ್ತಿ ಮಾಡಲು ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು.

ಅಝರುದ್ದೀನ್ ಒಂದೊಂದೇ ಡಬ್ಬಿ ತೆಗೆದು ಗಾಜಿನ ಮೇಲೆ ಇಟ್ಟ. ಎಲ್ಲವೂ ಕಪ್ಪು. ಎಲ್ಲದರ ಮೇಲೂ 'ಟ್ಯಾಕ್ಟಿಕಲ್' ಎಂಬ ಮುದ್ರೆ. ಈ ಪದದ ಮಹಿಮೆಯನ್ನು ನಾನು ಅಂದೇ ಕಂಡದ್ದು. ಸಾಮಾನ್ಯ ಟಾರ್ಚಿಗೆ ಕಪ್ಪು ಬಳಿದು ಟ್ಯಾಕ್ಟಿಕಲ್ ಎಂದುಬಿಟ್ಟರೆ ಅದು ಕತ್ತಲನ್ನು ನೋಡುವ ರೀತಿಯೇ ಬದಲಾಗುತ್ತದೆ. ಮೊದಲು ನಳಿಗೆಗೆ ಬಿಗಿಯುವ ಒಂದು ಹಲ್ಲುಪಟ್ಟಿ. ಪಟ್ಟಿ ಬಂದ ಮೇಲೆ ಅದು ಖಾಲಿ ಇರಬಾರದಲ್ಲ, ಅದಕ್ಕೊಂದು ಕೆಂಪು ಚುಕ್ಕೆ ಕಾಣುವ ದುರ್ಬೀನು. ದುರ್ಬೀನಿನ ಪಕ್ಕ ಜಾಗ ಉಳಿಯಿತೆಂದು ಲೇಸರ್. ಲೇಸರ್ ಒಂದೇ ಕಡೆ ಇದ್ದರೆ ತೂಕ ವಾಲುತ್ತದೆ (ಇದು ಭೌತಶಾಸ್ತ್ರ), ಆದ್ದರಿಂದ ಇನ್ನೊಂದು ಕಡೆಗೆ ಟಾರ್ಚ್. ಇಷ್ಟಾದ ಮೇಲೆ ಕೋವಿ ಭಾರವಾಗುತ್ತದೆಂದು ಹೆಗಲಿಗೆ ಹಾಕುವ ಬೆಲ್ಟು, ಹೆಗಲು ನೋಯುತ್ತದೆಂದು ರಬ್ಬರಿನ ದಿಂಬು, ದಿಂಬೂ ಸಾಲದೆ ಹೋದರೆ ಎಂದು ನೆಲಕ್ಕೂರಲು ಎರಡು ಮಡಚುವ ಕಾಲು. ತೋಟೆಗಳನ್ನು ಸಿಕ್ಕಿಸಲು ಅಂಟಿಸುವ ಪಟ್ಟಿ ಬೇರೆ.

ಕೊನೆಗೆ ಗರಗಸದಂಥ ಹಲ್ಲುಗಳಿದ್ದ ಒಂದು ಉಕ್ಕಿನ ಮೂತಿ ತೋರಿಸಿದ.

"ಇದು ಎಂಥದಕ್ಕೆ?"

"ಬಾಗಿಲು ಒಡೆಯಲಿಕ್ಕೆ ಸಾರ್. ಬೀಗದ ಹತ್ತಿರ ಒತ್ತಿ ಹಿಡಿದರೆ ಜಾರುವುದಿಲ್ಲ."

"ಹಂದಿಗೆ ಬಾಗಿಲು ಇಲ್ವಲ್ಲ ಮಾರಾಯ."

ಅಝರುದ್ದೀನ್ ಪ್ರಾಮಾಣಿಕ. ಸ್ವಲ್ಪ ಯೋಚಿಸಿ ಹೇಳಿದ: "ಇಲ್ಲ ಸಾರ್. ಆದ್ರೆ ನೋಡ್ಲಿಕ್ಕೆ ಚಂದ ಉಂಟಲ್ಲ?"

ಅದನ್ನೂ ತೆಗೆದುಕೊಂಡೆ.

ಮನೆಯಲ್ಲಿ ಎಲ್ಲವನ್ನೂ ಅಕ್ಕಿಯ ಡ್ರಮ್ಮಿನ ಹಿಂದೆ ಇಟ್ಟಿದ್ದೆ. ವೈಲೆಟ್ ನರ್ಸು. ರೋಗಿ ಬಾಯಿ ಬಿಡುವ ಮೊದಲೇ ಎಲ್ಲಿ ನೋವೆಂದು ಕಂಡುಹಿಡಿಯುವವಳು. ಸಂಜೆಯೊಳಗೆ ಚೀಲ ಊಟದ ಮೇಜಿನ ಮೇಲಿತ್ತು.

"ಇದೆಂಥದು?"

"ಹರ್ಬರ್ಟ್ ಭಾವನ ಕೋವಿಗೆ."

"ಕೋವಿ ಎಲ್ಲುಂಟು?"

"ಬೆಳ್ತಂಗಡಿಯಲ್ಲಿ."

"ಇದು?"

"ಸಾಲ್ಮಿಯಾದಲ್ಲಿ."

ಅವಳು ಬಾಗಿಲು ಒಡೆಯುವ ಮೂತಿಯನ್ನು ಎರಡು ಬೆರಳಲ್ಲಿ, ಉಪಯೋಗಿಸಿದ ಬ್ಯಾಂಡೇಜನ್ನು ಎತ್ತುವ ಹಾಗೆ ಎತ್ತಿ ಹಿಡಿದಳು. "ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದವರನ್ನು ಕೇಳಿದ್ದೇನೆ. ಯಾರದ್ದೋ ಕೂಸಿಗೆ ಬ್ಯಾಟರಿ ಹಾಕಿದ ಕುಲಾವಿ ತಂದವರನ್ನು ಇವತ್ತೇ ನೋಡಿದ್ದು. ವಿಮಾನದಲ್ಲಿ ಇದನ್ನು ಹೇಗೆ ತಗೊಂಡು ಹೋಗ್ತೀರಿ? ಸ್ಕ್ಯಾನ್ ಮಾಡುವವನು ಕೇಳಿದರೆ 'ಇದು ಹಂದಿಯ ಬಾಗಿಲಿಗೆ' ಅಂತೀರಾ?"

ವಿಮಾನದ ವಿಷಯ ನಾನು ಯೋಚಿಸಿರಲಿಲ್ಲ. ಆದರೆ ಒಪ್ಪಿಕೊಳ್ಳಲಾಗದಲ್ಲ. "ಮೊದಲು ಪರೀಕ್ಷೆ ಆಗಲಿ. ಸಾಗಾಟ ಎರಡನೇ ಹಂತ," ಎಂದೆ.

ಪರೀಕ್ಷೆಗೆ ನಳಿಗೆ ಬೇಕು. ಮನೆಯಲ್ಲಿದ್ದ ಉದ್ದನೆಯ ವಸ್ತುಗಳನ್ನೆಲ್ಲ ಅಳೆದೆ. ಪರದೆಯ ಸರಳು ತೆಳು, ಕೊಡೆ ಗಿಡ್ಡ. ಬಾತ್‌ರೂಮಿನ ಮೂಲೆಯಲ್ಲಿದ್ದ ಮಾಪಿನ ಸ್ಟೀಲ್ ಕೊಳವೆ ಮಾತ್ರ ನನ್ನ ಲೆಕ್ಕಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ಪ್ರಕೃತಿಯೇ ನನ್ನ ಪರವಾಗಿದೆಯೆಂದು ರೋಮಾಂಚನವಾಯಿತು.

ವಾರದೊಳಗೆ ಆ ಬಡ ಮಾಪು ಸಶಸ್ತ್ರ ಪಡೆಯ ಸದಸ್ಯನಾಯಿತು. ನೆತ್ತಿಯಲ್ಲಿ ಬಾಗಿಲು ಒಡೆಯುವ ಹಲ್ಲು, ಬೆನ್ನಲ್ಲಿ ದುರ್ಬೀನು, ಎಡಬಲಗಳಲ್ಲಿ ಲೇಸರು ಟಾರ್ಚು, ಅಡಿಯಲ್ಲಿ ಮಾತ್ರ ಹಳೆಯ ಬಿಳಿ ಹತ್ತಿದಾರದ ಜಡೆ. ಮಗ ಶೇನ್ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿ, "ಕೂಲ್ ಡ್ಯಾಡಿ. ಬಟ್ ವೈ?" ಎಂದ. ಈ ಇಡೀ ಪ್ರಕರಣದಲ್ಲಿ ಯಾರಾದರೂ ಕೇಳಿದ ಅತ್ಯಂತ ವೈಜ್ಞಾನಿಕ ಪ್ರಶ್ನೆ ಅದು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳು ಕ್ಲಾರಿಸ್ಸಾ ಫೋಟೋ ತೆಗೆದುಕೊಂಡಳು. ಅದು ಇನ್ನೂ ಕೆಟ್ಟದ್ದು.

ಗುರುವಾರ ವೈಲೆಟ್ ಡ್ಯೂಟಿಯಿಂದ ಬಂದು ನೆಲ ಒರೆಸಲು ಮಾಪು ಕೇಳಿದಳು. "ಅಲೈನ್‌ಮೆಂಟ್ ಹೋಗ್ತದೆ, ಬೇಡ," ಎಂದೆ.

"ಅಲೈನ್‌ಮೆಂಟ್ ನಿಮ್ಮದು ಹೋಗ್ತದೆ. ಕೊಡಿ ಇಲ್ಲಿ."

ಕಿತ್ತುಕೊಂಡು ಹಾಗೆಯೇ ಒರೆಸತೊಡಗಿದಳು. ಮೊದಲು ಗೊಣಗಾಟ ಕೇಳಿಸಿತು. "ತೂಕ ನೋಡಿ ಇದರದ್ದು! ಇದು ಮಾಪಾ, ಮಿಲಿಟರಿಯಾ?" ಆಮೇಲೆ ಗೊಣಗಾಟ ನಿಂತಿತು. ನಾನು ಬಗ್ಗಿ ನೋಡಿದೆ. ಅವಳು ಟಾರ್ಚನ್ನು ಕೆಳಮುಖ ತಿರುಗಿಸಿ ಹಾಕಿ ಸೋಫಾದ ಅಡಿಯನ್ನು ಬೆಳಗಿಸಿಕೊಂಡು ಒರೆಸುತ್ತಿದ್ದಳು. ಹೋದ ಈಸ್ಟರಿನಲ್ಲಿ ಕಳೆದುಹೋಗಿದ್ದ ಅವಳ ಒಂದು ಕಿವಿಯೋಲೆ ಅಲ್ಲಿ ಸಿಕ್ಕಿತು. ಫೋನ್ ಬಂದಾಗ ಮಾಪನ್ನು ಎರಡು ಕಾಲಿನ ಮೇಲೆ ನಿಲ್ಲಿಸಿ ಹೋದಳು. ಅದು ಗೋಡೆಯ ಆಸರೆಯಿಲ್ಲದೆ ವಿಧೇಯ ಆಡಿನ ಹಾಗೆ ಕಾದು ನಿಂತಿತು. ತೋಟೆಯ ಪಟ್ಟಿಯಲ್ಲಿ ಬಟ್ಟೆಯ ಕ್ಲಿಪ್ಪುಗಳು ಬಂದು ಕೂತಿದ್ದವು. ನಾನು ನೋಡುತ್ತಿರುವುದು ಕಂಡು, "ದಂಡ! ಶುದ್ಧ ದಂಡ!" ಎಂದು ಜೋರಾಗಿ ಹೇಳಿದಳು. ಟಾರ್ಚ್ ಮಾತ್ರ ಆರಿಸಲಿಲ್ಲ.

ಅಂದೇ ಸಂಜೆ ಹರ್ಬರ್ಟ್ ಭಾವನಿಗೆ ವಿಡಿಯೋ ಕಾಲ್ ಮಾಡಿ, ಮಾಪನ್ನು ಕ್ಯಾಮೆರಾದ ಎದುರು ತಿರುಗಿಸಿ ತಿರುಗಿಸಿ ತೋರಿಸಿ, ಪ್ರತಿಯೊಂದು ಅಂಗದ ಉಪಯೋಗವನ್ನೂ ವಿವರಿಸಿದೆ. ಅವನು ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು ನೋಡಿದ.

"ರೋಕಿ ಭಾವ," ಎಂದ ಕೊನೆಗೆ, "ನನ್ನ ಕೋವಿ ಜೋಡು ನಳಿಗೆಯದ್ದು. ಒಂದರ ಪಕ್ಕ ಇನ್ನೊಂದು. ಆ ಪಟ್ಟಿ ಯಾವುದಕ್ಕೆ ಬಿಗಿಯುವುದು?"

ನಾನು ಒಂದು ನಳಿಗೆಯ ವ್ಯಾಸವನ್ನು ದಶಮಾಂಶದ ಎರಡನೇ ಸ್ಥಾನದವರೆಗೆ ಲೆಕ್ಕ ಹಾಕಿದ್ದೆ. ನಳಿಗೆ ಎಷ್ಟು ಎಂದು ಕೇಳಿರಲಿಲ್ಲ.

"ಮತ್ತೆ ಕೋವಿ ಈಗ ಮನೆಯಲ್ಲಿಲ್ಲ. ಎಲೆಕ್ಷನ್ ಬಂತಲ್ಲ, ಲೈಸನ್ಸಿನ ಕೋವಿಯೆಲ್ಲ ಪೊಲೀಸ್ ಸ್ಟೇಷನ್ನಿಗೆ ಕೊಡ್ಬೇಕು, ಇಟ್ಟು ಬಂದಿದ್ದೇನೆ. ಒಂದು ಎಲೆಕ್ಷನ್ ಮುಗಿದು ತರುವಷ್ಟರಲ್ಲಿ ಇನ್ನೊಂದು ಬರ್ತದೆ. ಆ ಕೋವಿ ನನಗಿಂತ ಜಾಸ್ತಿ ಇನ್‌ಸ್ಪೆಕ್ಟರಿಗೆ ಹೊಂದಿಕೊಂಡಿದೆ."

"ಆದರೆ ಭಾವ, ವಾಪಸ್ ಬಂದ ಮೇಲಾದರೂ ಗುರಿ…"

"ಎಂಥ ಗುರಿ ಮಾರಾಯ? ನಾನು ಹಂದಿಗೆ ಹೊಡೀತೇನಾ? ಹೆದರಿಸ್ಲಿಕ್ಕೆ ಆಕಾಶಕ್ಕೆ ಹಾರಿಸುವುದು. ಆಕಾಶಕ್ಕೆ ಗುರಿ ತಪ್ಪಿದವರು ಯಾರಾದರೂ ಉಂಟಾ?"

ಹಿಂದಿನಿಂದ ವೈಲೆಟಳ ನಗು ಕೇಳಿಸಿತು. ಅದು ನಕ್ಕು ಮುಗಿಸುವ ನಗುವಲ್ಲ. ಮುಂದಿನ ಹತ್ತು ಕ್ರಿಸ್‌ಮಸ್ಸುಗಳಿಗೆ ಸಾಕಾಗುವಷ್ಟು ದಾಸ್ತಾನು ಮಾಡಿಕೊಳ್ಳುವ ನಗು.

ಇನ್ನು ಉಳಿದದ್ದು ಗೌರವಯುತ ಹಿಮ್ಮೆಟ್ಟುವಿಕೆ. ಅಝರುದ್ದೀನನಿಗೆ ಫೋನ್ ಮಾಡಿದೆ. "ಎಲ್ಲ ಸರಿಯಾಗಿ ಕೆಲಸ ಮಾಡ್ತಾ ಇದ್ದರೆ ತನ್ನಿ ಸಾರ್, ಮುದೀರ್ ಹತ್ರ ಮಾತಾಡ್ತೇನೆ," ಎಂದ. ಮುದೀರ್ ಎಂದರೆ ಅವನ ಮ್ಯಾನೇಜರ್. ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ದೂರದ ಒಂದು ಗುರಿಗೆ ಲೇಸರ್ ಬಿಟ್ಟು ನೋಡಬೇಕು. ಮನೆಯೊಳಗೆ ಅಷ್ಟು ದೂರ ಎಲ್ಲಿದೆ? ಹಾಗಾಗಿ ಶುಕ್ರವಾರ ಬೆಳಿಗ್ಗೆ ತಿಂಡಿ ಆದಾಗಿನಿಂದ ಕಿಟಕಿ. ಹಾಗಾಗಿ ಡಿಶ್ ಆಂಟೆನಾ. ಅಂದರೆ, ನಾನು ಜಗತ್ತಿನಲ್ಲಿ ಅತ್ಯಂತ ನಿರುಪದ್ರವಿಯಾಗಿದ್ದ ಗಳಿಗೆಯಲ್ಲೇ ಪೊಲೀಸರು ಬಂದದ್ದು.

ಬಾಗಿಲು ತೆರೆಯಿತು.

ಮಾಪನ್ನು ಎಲ್ಲಾದರೂ ಬಿಸಾಡಬೇಕೆಂದು ಎದ್ದೆ. ಅದರ ಹೆಗಲಬೆಲ್ಟು ನನ್ನ ಕೊರಳಿಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯಿತು. (ಜಾಹೀರಾತಿನಲ್ಲೂ ಹಾಗೇ ಹೇಳಿದ್ದರು: 'ಯುದ್ಧದಲ್ಲೂ ಕಳಚದು'.) ಬೇರೆ ದಾರಿ ಕಾಣದೆ ಎರಡೂ ಕೈ ಮೇಲೆತ್ತಿ ನಿಂತೆ. ಮಾಪು ತಲೆಕೆಳಗಾಗಿ ಬೆನ್ನಿಗೆ ಜೋತು, ಅದರ ಒದ್ದೆ ದಾರಗಳು ನನ್ನ ತಲೆಯ ಮೇಲೆ ಕ್ರಿಸ್‌ಮಸ್ ತಾತನ ಗಡ್ಡದ ಹಾಗೆ ಇಳಿಬಿದ್ದಿದ್ದವು.

ಹಾರಿಸ್ ನನ್ನತ್ತ ಬೆರಳು ತೋರಿಸಿ ಅರಬ್ಬಿಯಲ್ಲಿ ಮಳೆಗರೆದ. ಪೊಲೀಸರಲ್ಲಿ ಒಬ್ಬ ಎಳೆಯ, ಒಬ್ಬ ದಪ್ಪ ಮೀಸೆಯ ಹಿರಿಯ. ಹಿರಿಯ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದ. ಆಮೇಲೆ ಬೆಲ್ಟಿನ ಒಂದು ಗುಂಡಿ ಒತ್ತಿ ಅದನ್ನು ಸಲೀಸಾಗಿ ಕಳಚಿದ. ಮಾಪನ್ನು ಹೆಗಲಿಗಿಟ್ಟು ದುರ್ಬೀನಿನಲ್ಲಿ ಕಣ್ಣಿಟ್ಟು ನೋಡಿದ. ಚಳಿಗಾಲದ ಗುಡಾರಗಳನ್ನು ಬಲ್ಲ ಮನುಷ್ಯನೆಂದು ಆ ಹೆಗಲೇ ಹೇಳುತ್ತಿತ್ತು. ಇಷ್ಟೆಲ್ಲ ನೋಡಿದ ಮೇಲೆ ವೈಲೆಟಳಿಗೆ ಏನೋ ಕೇಳಿದ. ಆಸ್ಪತ್ರೆಯ ದೆಸೆಯಿಂದ ಅವಳ ಅರಬ್ಬಿ ಸೊಗಸಾಗಿದೆ.

"ಇದು ಎಂಥದಕ್ಕೆ ಅಂತ ಕೇಳ್ತಿದ್ದಾರೆ. ಸರಿಯಾಗಿ ಯೋಚನೆ ಮಾಡಿ ಹೇಳಿ," ಎಂದಳು. ಒಳಬಾಗಿಲಲ್ಲಿ ಇಬ್ಬರೂ ಮಕ್ಕಳು ನಿಂತಿದ್ದರು. ಕ್ಲಾರಿಸ್ಸಾ ಅಣ್ಣನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಅವಳು ಹಾಗೆ ಹಿಡಿದದ್ದನ್ನು ನಾನು ನೋಡಿದ್ದು ಅವಳ ಸ್ಕೂಲಿನ ಮೊದಲ ದಿನ.

ನಾನು ಯೋಚಿಸಿದೆ. ಸತ್ಯ ಹೇಳಿದರೆ 'ಕೋವಿಗೆ' ಎನ್ನಬೇಕು. ಕೋವಿ ಎಲ್ಲಿದೆ ಎಂದು ಕೇಳುತ್ತಾರೆ. 'ಪೊಲೀಸರ ಹತ್ತಿರ' ಎನ್ನಬೇಕು. ಕೋವಿ, ಪೊಲೀಸರು, ಇಲ್ಲಿಲ್ಲ, ಅಲ್ಲಿದೆ: ಇಷ್ಟು ಪದಗಳನ್ನು ಒಂದೇ ವಾಕ್ಯದಲ್ಲಿ ಹೇಳಿ ಇಕಾಮಾ ಉಳಿಸಿಕೊಂಡವರನ್ನು ನಾನು ಕೇಳಿಲ್ಲ.

"ನೆಲ ಒರೆಸಲಿಕ್ಕೆ," ಎಂದೆ.

ವೈಲೆಟ್ ನನ್ನನ್ನೇ ನೋಡಿದಳು.

"ಹೇಳು ವೈಲಿ. ನೆಲ ಒರೆಸುವ ವಿಧಾನವನ್ನು ಸುಧಾರಿಸುತ್ತಿದ್ದೇನೆ. ಟಾರ್ಚು ಸೋಫಾದ ಅಡಿಗೆ. ಲೇಸರು ಗೆರೆ ನೇರವಾಗಿ ಬರಲಿಕ್ಕೆ. ಕಾಲು ನಿಲ್ಲಿಸಲಿಕ್ಕೆ. ಈ ಮನೆಯಲ್ಲಿ ನೆಲ ಒರೆಸುವವನು ನಾನೇ."

ಅವಳ ಮುಖದ ಮೇಲೆ ಭಯವಿದ್ದ ಜಾಗದಲ್ಲಿ ಮೆಲ್ಲಗೆ ಬೇರೇನೋ ಹರಡಿತು. ತಿರುಗಿ ಅನುವಾದಿಸಿದಳು. ನಾನು ಹೇಳಿದ್ದು ಐದಾರು ಚಿಕ್ಕ ವಾಕ್ಯ. ಅವಳ ಅನುವಾದ ಬಹಳ ಹೊತ್ತು ನಡೆಯಿತು. ಅದರಲ್ಲಿ ಅಡುಗೆಮನೆ, ಬಾತ್‌ರೂಮು, ಪ್ರತಿ ವಾರ ಎಂಬ ಪದಗಳು ನನಗೂ ಅರ್ಥವಾದವು.

ಹಿರಿಯ ಪೊಲೀಸನ ಹುಬ್ಬು ಏರಿತು. ಒಬ್ಬ ಗಂಡಸು, ಅದೂ ಪದವೀಧರ, ವಾರವಾರ ಇಡೀ ಮನೆ ಒರೆಸುತ್ತಾನೆ ಎಂಬ ಹೇಳಿಕೆಯನ್ನು ಅವನಿಗೆ ನಂಬಲಾಗಲಿಲ್ಲ. ನೇರವಾಗಿ ನನ್ನನ್ನೇ ಕೇಳಿದ, ಇಂಗ್ಲಿಷಿನಲ್ಲಿ: ಇಡೀ ಮನೆಗೆ ಎಷ್ಟು ಹೊತ್ತು ಬೇಕು?

ನೆಲ ಒರೆಸಲು ಎಷ್ಟು ಹೊತ್ತು ಬೇಕೆಂಬ ಬಗ್ಗೆ ನನ್ನ ಹತ್ತಿರ ಯಾವ ದತ್ತಾಂಶವೂ ಇರಲಿಲ್ಲ. ಬಾಯಿಗೆ ಬಂದ ಒಂದು ಅಂಕಿಯನ್ನು, ವಿಶ್ವಾಸ ಹುಟ್ಟಲೆಂದು ಅರಬ್ಬಿಯಲ್ಲೇ, ಗಟ್ಟಿಯಾಗಿ ಹೇಳಿಬಿಟ್ಟೆ. (ಅದನ್ನು ಬರೆಯಲು ಸದ್ಯಕ್ಕೆ ಕೈ ಬರುತ್ತಿಲ್ಲ.)

"ಯಲ್ಲಾ," ನಡೆ ನೋಡೋಣ, ಎಂದು ಹಿರಿಯ ಮಾಪನ್ನು ನನ್ನ ಕೈಗಿತ್ತ.

ಒರೆಸಿದೆ. ನನ್ನ ಇಕಾಮಾ, ಮಗನ ಪರೀಕ್ಷೆ, ಮಗಳ ಹಿಡಿಯಲ್ಲಿದ್ದ ಆ ಅಂಗಿಯ ತುದಿ, ಎಲ್ಲವನ್ನೂ ನೆನೆದು ಒರೆಸಿದೆ. ಟಾರ್ಚ್ ಹಾಕಿ ಸೋಫಾದ ಅಡಿ ಹೊಕ್ಕೆ. ಲೇಸರಿನ ಗೆರೆ ಹಿಡಿದು ಗೋಡೆಯಿಂದ ಗೋಡೆಗೆ ಹೋದೆ. ಪೊಲೀಸರ ಬಳಿ ಬಂದಾಗ ಎಳೆಯವನು ತಾನಾಗಿ ಬೂಟು ಎತ್ತಿದ. ಹಾರಿಸ್ ಕುರ್ಚಿ ಸರಿಸಿಕೊಟ್ಟ. ವೈಲೆಟ್ ಸುಲೈಮಾನಿ ಚಹಾ ತಂದಿಟ್ಟು, "ಆ ಮೂಲೆ ಬಿಟ್ಟುಹೋಯ್ತು," ಎಂದಳು.

ಚಹಾ ಮುಗಿಸಿ ಹಿರಿಯ ಎದ್ದ. ಎದುರು ಕಟ್ಟಡದ ಒಬ್ಬ ಹೆಂಗಸು ತನ್ನ ಅಡುಗೆಮನೆಯ ಗೋಡೆಯಲ್ಲಿ ಕೆಂಪು ಚುಕ್ಕೆ ಓಡಾಡಿದ್ದು ಕಂಡು ಹೆದರಿದ್ದಾಳೆ, ಜನರ ಮನೆಗಳ ಮೇಲೆ ಲೇಸರ್ ಬಿಡುವುದು ಮರ್ಯಾದೆಯಲ್ಲ ಎಂದು ಸಮಾಧಾನವಾಗಿಯೇ ಗದರಿದ. ಲೇಸರಿನ ಬ್ಯಾಟರಿ ಬಿಚ್ಚಿ ಕೊಟ್ಟ. ಕೊಟ್ಟದ್ದು ವೈಲೆಟಳ ಕೈಗೆ. ಈ ಮನೆಯ ಆಡಳಿತ ಯಾರದ್ದೆಂದು ಅವನಿಗೆ ತನಿಖೆಯಿಲ್ಲದೆ ತಿಳಿದಿತ್ತು. ಹೊರಡುವಾಗ ಅವಳಿಗೆ ಏನೋ ಹೇಳಿದ, ಇಬ್ಬರೂ ನಕ್ಕರು.

"ಏನಂದರು?"

"ಈ ಮಾಪಿನ ವಿಷಯ ತನ್ನ ಹೆಂಡತಿಗೆ ಗೊತ್ತಾಗದಿರಲಿ ಅಂದರು."

ಬಾಗಿಲು ಮುಚ್ಚಿತು. ನಾನು ಒದ್ದೆ ನೆಲದ ಮೇಲೆಯೇ ಕುಸಿದು ಕೂತೆ. ಕ್ಲಾರಿಸ್ಸಾ ಬಂದು ಪಕ್ಕದಲ್ಲಿ ಕೂತು, "ಯೂ ಓಕೆ, ಡ್ಯಾಡಿ?" ಎಂದು ನನ್ನ ತಲೆಯಿಂದ ಒಂದು ದಾರ ಬಿಡಿಸಿದಳು. ಉಸಿರು ಸ್ವಸ್ಥಾನಕ್ಕೆ ಬಂದ ಮೇಲೆ ಸ್ಕ್ರೂಡ್ರೈವರ್ ತಂದು ಹಲ್ಲುಪಟ್ಟಿ ಬಿಚ್ಚತೊಡಗಿದೆ.

"ಎಲ್ಲಿಗೆ?" ಎಂದಳು ವೈಲೆಟ್.

"ಶುವೈಖಿಗೆ. ಎಲ್ಲ ವಾಪಸ್."

"ಮತ್ತೆ ಪೊಲೀಸರ ಹತ್ತಿರ ಹೇಳಿದ್ದು?"

"ಅದು ಮುಗೀತಲ್ಲ."

"ಹೇಗೆ ಮುಗೀತದೆ? ನೆಲ ಒರೆಸುವವನು ನಾನೇ ಅಂತ ಹೇಳಿಕೆ ಕೊಟ್ಟಿದ್ದೀರಿ. ಹಾರಿಸ್ ಸಾಕ್ಷಿ. ಅವನು ಈಗ ಕೆಳಗೆ ಹೋಗಿ ಇಡೀ ಕಟ್ಟಡಕ್ಕೆ ಹೇಳಿರ್ತಾನೆ. ನಾಳೆ ಪೊಲೀಸರು ಇನ್ನೊಮ್ಮೆ ಬಂದಾಗ ನಾನು ಒರೆಸ್ತಾ ಇದ್ದರೆ, ನೀವು ಅವರಿಗೆ ಸುಳ್ಳು ಹೇಳಿದ ಹಾಗಾಯ್ತು. ಆಗ ಇಕಾಮಾ ಏನಾಗ್ತದೆ?"

ತರ್ಕದಲ್ಲಿ ಎಲ್ಲಾದರೂ ಬಿರುಕಿದೆಯೇ ಎಂದು ಹುಡುಕಿದೆ. ಬಿ.ಎಸ್ಸಿ.ಯಲ್ಲಿ ನನಗೆ ಕಲಿಸಿದವರಾರೂ ಇಷ್ಟು ಗಟ್ಟಿಯಾದ ವಾದ ಮಂಡಿಸಿರಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಈಗ ಪ್ರತಿ ಶುಕ್ರವಾರ ನಾನು ಒರೆಸುತ್ತೇನೆ. ಮೂರನೇ ಮಹಡಿಯ ಕುಂಞಿಪಾತುಮ್ಮ ತನ್ನ ಗಂಡನನ್ನು ಕರೆತಂದು, ಸೋಫಾದಲ್ಲಿ ಕೂರಿಸಿ, ನನ್ನನ್ನು ತೋರಿಸಿದ್ದಾಳೆ. ಆ ಮನುಷ್ಯ ಲಿಫ್ಟಿನಲ್ಲಿ ನನ್ನೊಡನೆ ಮಾತು ಬಿಟ್ಟಿದ್ದಾನೆ. ಹರ್ಬರ್ಟ್ ಭಾವ ಫೋನ್ ಮಾಡಿ, "ಮಾಪಿಗೆ ಲೈಸನ್ಸ್ ಆಯ್ತಾ? ಎಲೆಕ್ಷನ್ ಬಂದರೆ ಸ್ಟೇಷನ್ನಿಗೆ ಕೊಡ್ಲಿಕ್ಕೆ ಉಂಟು, ನೆನಪಿರಲಿ," ಎನ್ನುತ್ತಾನೆ. ನನ್ನ ಆಸ್ತಿಯಲ್ಲಿ ಈಗಲೂ ಕೆಲಸಕ್ಕೆ ಬಾರದೆ ಉಳಿದದ್ದು ಬಾಗಿಲು ಒಡೆಯುವ ಹಲ್ಲು ಮಾತ್ರ ಅಂದುಕೊಂಡಿದ್ದೆ. ವೈಲೆಟ್ ಅದರಲ್ಲಿ ತೆಂಗಿನಕಾಯಿಯ ಜುಟ್ಟು ಕೀಳುತ್ತಾಳೆ.

ಇಷ್ಟನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವಳ ಮೊಬೈಲು. ನಾನು ಮಾಪೆತ್ತಿದ ಕೂಡಲೇ ಅದರಲ್ಲಿ ಗಡಿಯಾರ ಓಡಲು ಸುರುವಾಗುತ್ತದೆ. ಮೊನ್ನೆಯೂ ನಾನು ಅಡುಗೆಮನೆ ತಲುಪುವ ಮೊದಲೇ ಅದು ಕಿರುಚಿತು. "ಮೊದಲಿನಿಂದ," ಎಂದಳು, ಕಾಲು ಸೋಫಾದ ಮೇಲೆ ಎತ್ತಿಟ್ಟುಕೊಂಡೇ.

"ವೈಲಿ, ಇದು ಮನುಷ್ಯಮಾತ್ರದವರಿಂದ ಆಗುವುದಲ್ಲ. ಆ ಅಂಕಿ ತಪ್ಪು."

"ಇರಬಹುದು. ಆದರೆ ಅದು ನನ್ನ ಅಂಕಿ ಅಲ್ಲ."

ಅಲ್ಲ, ಅವಳದ್ದಲ್ಲ. ತಲೆಯಲ್ಲಿ ಒಂದು ಒದ್ದೆ ದಾರ ಸಿಕ್ಕಿಸಿಕೊಂಡು, ಸರ್ಕಾರದ ಇಬ್ಬರು ಪ್ರತಿನಿಧಿಗಳ ಎದುರು, ಯಾರೂ ಒತ್ತಾಯಿಸದೆ, ಅತ್ಯಂತ ಸ್ಪಷ್ಟವಾದ ಅರಬ್ಬಿಯಲ್ಲಿ ನಾನೇ ಹೇಳಿದ್ದು. ಎರಡು ಬೆಡ್‌ರೂಮು, ಒಂದು ಹಾಲ್, ಅಡುಗೆಮನೆ, ಎರಡು ಬಾತ್‌ರೂಮು: ಹನ್ನೊಂದು ನಿಮಿಷ.